ಸ್ಪ್ರಿಂಗು ಕತ್ತರಿಸಬೇಡಿ, ಬಯಲಿಗೆ ಬನ್ನಿ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಹೋಗೋಕೆ ಯಾವ ಪ್ರತಿಭೆಯೂ ಬೇಕಾಗಿಲ್ಲ. ಬಲಗಾಲು ಒಂದಿದ್ದರೆ ಸಾಕು. ಅದೂ ಇಲ್ಲದಿದ್ದರೆ ಆಕ್ಸಲರೇಟರ್ ಮೇಲೆ ಒಂದು ಇಟ್ಟಿಗೆ ಇಡಿ, ಕಾರು ಅಷ್ಟೇ ವೇಗದಲ್ಲಿ ಹೋಗುತ್ತೆ. ಇಟ್ಟಿಗೆ ಮಾಡೋ ಕೆಲಸಕ್ಕೆ ನಮ್ಮ ಹುಡುಗರು ವಿಡಿಯೋ ಮಾಡಿ, ಹಿನ್ನೆಲೆಗೆ ಹಾಡು ಹಾಕಿ, ‘ಡ್ರೈವಿಂಗ್ ಅಂದ್ರೆ ಇದು ಗುರು’ ಅಂತ ಬರೆದುಕೊಳ್ತಾರೆ. ಈ ಬರಹ ಅವರಿಗೆ. ಅದರಲ್ಲೂ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಬೆಂಗಳೂರಿಗೆ ಹೋಗಿ, ಒಂದು ಒಳ್ಳೆ ಕೆಲಸ ಹಿಡಿದು, ಮೊದಲ ಕಾರು ಕೊಂಡು, ಆ ಕಾರಿನ ಮೊದಲ ಇಎಂಐ ಕಟ್ಟೋ ಮುಂಚೆಯೇ ಅದರ ಸಸ್ಪೆನ್ಷನ್ ಬಿಚ್ಚಿಸೋಕೆ ಗ್ಯಾರೇಜು ಹುಡುಕೋ ನನ್ನ ಜಿಲ್ಲೆಯ ತಮ್ಮಂದಿರಿಗೆ.

ನಾನೂ ಅದೇ ಜಿಲ್ಲೆಯವನು. ವಾರವೆಲ್ಲ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು. ಬಿಡುವಾದಾಗ ಆಟೋಕ್ರಾಸ್ ಓಡಿಸುವವನು. ದೊಡ್ಡ ಕಪ್ಪು ಗೆದ್ದವನೇನಲ್ಲ, ಹವ್ಯಾಸಿ. ಆದರೆ ಬಯಲಿನ ಧೂಳು ಕುಡಿದು ಗೊತ್ತಾಗಿರೋದು ಒಂದಿದೆ, ಅದನ್ನು ನೇರವಾಗಿಯೇ ಹೇಳಿಬಿಡ್ತೀನಿ: ನಿಮ್ಮ ಕಾರಿನ ಸಸ್ಪೆನ್ಷನ್ ನಿಮಗಿಂತ ಚೆನ್ನಾಗಿದೆ. ಟ್ಯೂನ್ ಆಗಬೇಕಾಗಿರೋದು ಸೀಟಿನಲ್ಲಿ ಕೂತಿರೋ ಮನುಷ್ಯ. ಆ ಕೆಲಸಕ್ಕೆ ಹೆದ್ದಾರಿ ಜಾಗ ಅಲ್ಲ, ಬಯಲು ಬೇಕು. ಆ ಬಯಲನ್ನು ನಮ್ಮ ಜಿಲ್ಲೆ ಕೊಡಬೇಕು, ನಾವು ಕೇಳಬೇಕು.

ಮೊದಲು ಹೆದ್ದಾರಿ ವಿಷಯ ಮುಗಿಸೋಣ. 2023ರ ಮಾರ್ಚ್ 12ರಂದು ಪ್ರಧಾನಿ ಬಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟಿಸಿದ ರಸ್ತೆ ಇದು. ಉದ್ದ ಸುಮಾರು 118 ಕಿಲೋಮೀಟರ್. ಬಂದ ವರ್ಷವೇ ಅದೆಷ್ಟು ಹೆಣ ಉರುಳಿತು ಅಂದರೆ, ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗೆ ಹಾಕಿದರು. ಆಮೇಲೆ ಕ್ಯಾಮೆರಾ ಬಂತು. 2024ರ ಆಗಸ್ಟ್ 1ರಿಂದ ಗಂಟೆಗೆ 130 ದಾಟಿದರೆ ಬರೀ ದಂಡ ಅಲ್ಲ, ಎಫ್‌ಐಆರ್ ಅಂತ ಪೊಲೀಸರು ಹೇಳಿದರು. ಇಷ್ಟೆಲ್ಲ ಆದಮೇಲೂ ಶನಿವಾರ ಬೆಳಗ್ಗೆ ಬಿಡದಿ ದಾಟಿ ನಿಂತು ನೋಡಿ, ಸಾಲುಸಾಲು ಕಾರು ಗುಂಯ್ ಅಂತ ಹೋಗ್ತಾ ಇರ್ತವೆ.

ಇದರಿಂದ ಸಿಗೋ ಲಾಭ ಏನು? ಲೆಕ್ಕ ಹಾಕೋಣ, ನಾವೆಲ್ಲ ಎಕ್ಸೆಲ್ ಶೀಟಿನ ಜನ ತಾನೆ. ಮದ್ದೂರಿನಿಂದ ಮಂಡ್ಯಕ್ಕೆ ಸುಮಾರು 20 ಕಿಲೋಮೀಟರ್. ಮಿತಿಯೊಳಗೆ 100ರಲ್ಲಿ ಹೋದರೆ 12 ನಿಮಿಷ. 140ರಲ್ಲಿ ಹೋದರೆ ಎಂಟೂವರೆ ನಿಮಿಷ. ಉಳಿದದ್ದು ಮೂರೂವರೆ ನಿಮಿಷ. ಒಂದು ಮದ್ದೂರು ವಡೆ ತಿಂದು ಕೈ ತೊಳೆಯೋಕೂ ಅದು ಸಾಲದು.

ಕಳೆದುಕೊಳ್ಳೋದು ಏನು? ಅದನ್ನೂ ಲೆಕ್ಕ ಹಾಕೋಣ. ಒಣಗಿದ ಡಾಂಬರು, ಒಳ್ಳೆ ಟೈರು, ಎದುರಿಗೆ ಏನೋ ಕಂಡು ಬ್ರೇಕ್ ಮೇಲೆ ಕಾಲು ಇಡೋಕೆ ಒಂದು ಸೆಕೆಂಡ್ ಅಂತ ಇಟ್ಟುಕೊಳ್ಳಿ. 100ರಲ್ಲಿ ಹೋಗ್ತಿರೋ ಕಾರು ಸುಮಾರು 77 ಮೀಟರಿನಲ್ಲಿ ನಿಲ್ಲುತ್ತೆ. 140ರಲ್ಲಿ ಹೋಗ್ತಿರೋ ಕಾರಿಗೆ 135 ಮೀಟರ್ ಬೇಕು. ಅದಕ್ಕಿಂತ ಭಯಂಕರವಾದದ್ದು ಇಲ್ಲಿದೆ: ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೇ ಕಾರು ಇನ್ನೂ ಗಂಟೆಗೆ 109 ಕಿಲೋಮೀಟರ್ ವೇಗದಲ್ಲಿ ಇರುತ್ತೆ. ಆ ಜಾಗದಲ್ಲಿ ಬೇಲಿ ದಾಟಿ ಆ ಕಡೆ ಹೊಲಕ್ಕೆ ಹೋಗ್ತಿರೋ ಯಾರದೋ ಅಮ್ಮ ಇರಬಹುದು. ಆ ವ್ಯತ್ಯಾಸವನ್ನು ಯಾವ ಲಕ್ಷ ರೂಪಾಯಿಯ ಕಾಯಿಲೋವರೂ ತುಂಬಿಕೊಡಲ್ಲ.

ಹೆದ್ದಾರಿ ಬಿಟ್ಟವರು ಒಳರಸ್ತೆ ಹಿಡಿತಾರೆ. ಮದ್ದೂರಿನಿಂದ ಭಾರತೀನಗರದ ಮೇಲೆ ಮಳವಳ್ಳಿ, ಅಲ್ಲಿಂದ ಗಗನಚುಕ್ಕಿ. ‘ತಿರುವು ಚೆನ್ನಾಗಿದೆ ಬ್ರೋ’ ಅಂತ. ಕಬ್ಬಿನ ಸೀಸನ್ನಿನಲ್ಲಿ ಆ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರು, ಎತ್ತಿನಗಾಡಿಗಳು ಕಾರ್ಖಾನೆ ಕಡೆ ಹೋಗ್ತಾ ಇರ್ತವೆ. ಹಿಂದೆ ಲೈಟಿಲ್ಲದ ಟ್ರೇಲರ್ ತಿರುವಿನಾಚೆ ನಿಂತಿದ್ದರೆ ನಿಮಗೆ ಕಾಣೋದು ಕೊನೇ ಕ್ಷಣದಲ್ಲಿ. ಇನ್ನು ನಾಲೆ ಏರಿ ಮೇಲಿನ ರಸ್ತೆಗಳಲ್ಲಿ ರೀಲ್ಸ್ ಮಾಡೋರಿಗೆ ನಾನು ಒಂದೇ ದಿನಾಂಕ ನೆನಪಿಸ್ತೀನಿ: 2018ರ ನವೆಂಬರ್ 24. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತ ದಿನ. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳು ಅದರಲ್ಲಿದ್ದರು. ನಮ್ಮ ಜಿಲ್ಲೆಯ ರಸ್ತೆಗಳ ಅಂಚು ಎಷ್ಟು ತೆಳು ಅನ್ನೋದು ಆವತ್ತೇ ಎಲ್ಲರಿಗೂ ಗೊತ್ತಾಯ್ತು. ಅಂಥ ಅಂಚಿನ ಮೇಲೆ ಆಟ ಆಡೋನನ್ನು ಧೈರ್ಯವಂತ ಅಂತ ಕರೆಯೋಕೆ ನನ್ನ ಬಾಯಿ ಬರಲ್ಲ.

ಹಾಗಾದ್ರೆ ಕಾರಿನ ಹುಚ್ಚು ಇರೋನು ಏನು ಮಾಡಬೇಕು? ಭಜನೆ ಮಾಡ್ಬೇಕಾ? ಬೇಡ. ಆಟೋಕ್ರಾಸ್ ಮಾಡಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಬಯಲು. ಅದರಲ್ಲಿ ಕಂಬ, ಕೋನು, ಟೈರು ಇಟ್ಟು ಸುತ್ತಿಬಳಸಿ ಒಂದು ದಾರಿ ಮಾಡಿರ್ತಾರೆ. ನಿಮ್ಮ ಎದುರಾಳಿ ಪಕ್ಕದ ಕಾರಿನವನಲ್ಲ, ಗಡಿಯಾರ. ಒಂದೆರಡು ನಿಮಿಷದ ಓಟ. ಕೋನು ಬೀಳಿಸಿದರೆ ನಿಮ್ಮ ಟೈಮಿಗೆ ಸೆಕೆಂಡು ಸೇರಿಸ್ತಾರೆ. ಹೆಚ್ಚುಹೊತ್ತು ಎರಡನೇ ಗೇರು, ಐವತ್ತು ಅರವತ್ತು ಕಿಲೋಮೀಟರ್ ವೇಗ. ಹೆಲ್ಮೆಟ್ ಕಡ್ಡಾಯ, ಪಕ್ಕದಲ್ಲೇ ಆಂಬುಲೆನ್ಸ್. ಅಮೆರಿಕದಲ್ಲಿ ಇದನ್ನು ಖಾಲಿ ಪಾರ್ಕಿಂಗ್ ಜಾಗದ ಡಾಂಬರಿನ ಮೇಲೆ ಆಡ್ತಾರೆ. ನಮ್ಮಲ್ಲಿ ಹೆಚ್ಚಾಗಿ ಮಣ್ಣಿನ ಮೇಲೆ. ಕೊಡಗಿನಲ್ಲಿ ಭತ್ತ ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಆಟೋಕ್ರಾಸ್ ನಡೆಯುತ್ತೆ. ಮೈಸೂರಿನಲ್ಲಿ ಲಲಿತಮಹಲ್ ಹೆಲಿಪ್ಯಾಡ್ ಬಯಲಿನಲ್ಲಿ ನಡೆದಿದೆ. ಕೆ-1000 ರ‍್ಯಾಲಿ ಹುಟ್ಟಿದ ರಾಜ್ಯ ನಮ್ಮದು. ಮೋಟಾರ್ ಸ್ಪೋರ್ಟ್ಸ್ ಅಂದರೆ ಯಾವುದೋ ಪರದೇಶದ ಆಟ ಅಂತ ಹೇಳೋ ಹಾಗಿಲ್ಲ.

ಈಗ ಸಸ್ಪೆನ್ಷನ್ನಿಗೆ ಬರೋಣ. ಜಗಳ ಇರೋದೇ ಅಲ್ಲಿ.

ನಮ್ಮ ಹುಡುಗರು ಕ್ಯಾಲಿಫೋರ್ನಿಯಾದವನ ವಿಡಿಯೋ ನೋಡ್ತಾರೆ. ಅವನು ಸಾಣೆ ಹಿಡಿದ ಹಾಗಿರೋ ಡಾಂಬರಿನ ಮೇಲೆ ಓಡಿಸ್ತಾನೆ. ಕಾರು ನೆಲಕ್ಕೆ ಅಂಟಿಕೊಂಡಿರುತ್ತೆ, ಸ್ಪ್ರಿಂಗು ಕಲ್ಲಿನ ಹಾಗಿರುತ್ತೆ. ಇವರು ಅದನ್ನೇ ತಂದು ನಮ್ಮ ಹ್ಯಾಚ್‌ಬ್ಯಾಕಿಗೆ ಹಾಕಿಸ್ತಾರೆ. ದುಡ್ಡಿದ್ದವರು ಲೋವರಿಂಗ್ ಸ್ಪ್ರಿಂಗ್ ತರಿಸ್ತಾರೆ, ಇಲ್ಲದವರು ಇರೋ ಸ್ಪ್ರಿಂಗಿನಲ್ಲೇ ಒಂದೂವರೆ ಸುತ್ತು ಕತ್ತರಿಸ್ತಾರೆ. ಮದ್ದೂರಿನಲ್ಲಿ ನಾನು ಕಾರು ಬಿಡೋ ಮೆಕ್ಯಾನಿಕ್ ಅಣ್ಣ ಇಂಥವರಿಗೆ ಕೇಳೋದು ಒಂದೇ ಪ್ರಶ್ನೆ: ‘‘ಕತ್ತರ್ಸಕ್ಕೆ ಅತ್ತು ನಿಮಿಷ ಸಾಕು ಕನಣ್ಣ. ಎಲ್ಲಿ ಓಡ್ಸೀಯೆ ಏಳು ಮೊದ್ಲು.’’ ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಸ್ಪ್ಯಾನರ್ ಮುಟ್ಟಬಾರದು. ಮಣ್ಣಿಗೆ ಬೇಕಾಗಿರೋದು ಚಕ್ರ ಮೇಲೆ ಕೆಳಗೆ ಆಡೋಕೆ ಜಾಗ. ಹಳ್ಳ ಬಂದಾಗ ಚಕ್ರ ಇಳಿಬೇಕು, ದಿಣ್ಣೆ ಬಂದಾಗ ಏರಬೇಕು, ನೆಲ ಬಿಡಬಾರದು. ಕಲ್ಲಿನಂಥ ಸ್ಪ್ರಿಂಗು ಹಾಕಿದ ಕಾರು ಗದ್ದೆಯಲ್ಲಿ ಕಪ್ಪೆ ಹಾಗೆ ಕುಪ್ಪಳಿಸುತ್ತೆ. ಗಾಳಿಯಲ್ಲಿರೋ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು?

‘ಗಟ್ಟಿ ಸ್ಪ್ರಿಂಗ್ ಹಾಕಿದ್ರೆ ತಿರುವಿನಲ್ಲಿ ಭಾರ ಹೊರಕ್ಕೆ ಹೋಗಲ್ಲ’ ಅನ್ನೋದು ಮೊದಲ ಮೂಢನಂಬಿಕೆ. ಸುಳ್ಳು. 1000 ಕೆಜಿ ಕಾರು, ಅದರ ಭಾರದ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಎತ್ತರ, ಎಡಬಲ ಚಕ್ರಗಳ ನಡುವೆ 145 ಸೆಂಟಿಮೀಟರ್ ಅಂದುಕೊಳ್ಳಿ. ಜೋರಾಗಿ ತಿರುಗಿಸಿದಾಗ, ಅಂದರೆ ಗುರುತ್ವದ ಹತ್ತರಲ್ಲಿ ಏಳರಷ್ಟು ಬಲ ಪಕ್ಕಕ್ಕೆ ಎಳೆದಾಗ, ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಸುಮಾರು 265 ಕೆಜಿ ಭಾರ ಸರಿಯುತ್ತೆ. ಈ ಲೆಕ್ಕದಲ್ಲಿ ಸ್ಪ್ರಿಂಗಿನ ಹೆಸರೇ ಇಲ್ಲ, ನೋಡಿದ್ರಾ? ಎತ್ತರ, ಅಗಲ, ತೂಕ, ವೇಗ ಅಷ್ಟೇ. ಗಟ್ಟಿ ಸ್ಪ್ರಿಂಗು ಹಾಕಿದರೆ ಕಾರು ವಾಲೋದು ಕಡಿಮೆ ಆಗುತ್ತೆ, ಭಾರ ಬೇಗ ಸರಿಯುತ್ತೆ, ಆದರೆ ಸರಿಯೋ ಒಟ್ಟು ಭಾರ ಹೆಚ್ಚೂಕಡಿಮೆ ಅಷ್ಟೇ. ಸ್ಪ್ರಿಂಗು, ಆಂಟಿ-ರೋಲ್ ಬಾರು ಬದಲಾಯಿಸೋದು ಒಂದನ್ನು ಮಾತ್ರ: ಆ 265 ಕೆಜಿಯಲ್ಲಿ ಮುಂದಿನ ಚಕ್ರದ ಪಾಲೆಷ್ಟು, ಹಿಂದಿನದ್ದೆಷ್ಟು ಅನ್ನೋದನ್ನ.

‘ಕಾರು ಇಳಿಸಿದಷ್ಟೂ ಒಳ್ಳೇದು’ ಅನ್ನೋದು ಎರಡನೇದು. ಮೇಲಿನ ಕಾರನ್ನೇ 3 ಸೆಂಟಿಮೀಟರ್ ಇಳಿಸಿ. ಸರಿಯೋ ಭಾರ 265ರಿಂದ 251ಕ್ಕೆ ಬರುತ್ತೆ. 14 ಕೆಜಿ. ಇಪ್ಪತ್ತೈದು ಕೆಜಿ ಅಕ್ಕಿ ಚೀಲದಲ್ಲಿ ಅರ್ಧಕ್ಕಿಂತ ವಸಿ ಜಾಸ್ತಿ. ಇಷ್ಟಕ್ಕೆ ನೀವು ಕೊಡೋ ಬೆಲೆ ಏನು? ನಮ್ಮ ಬಹುತೇಕ ಹ್ಯಾಚ್‌ಬ್ಯಾಕುಗಳ ಮುಂದೆ ಇರೋದು ಮ್ಯಾಕ್‌ಫರ್ಸನ್ ಸ್ಟ್ರಟ್. ಅದರಲ್ಲಿ ಕಾರನ್ನು ತೀರಾ ಇಳಿಸಿದರೆ ಕೆಳಗಿನ ತೋಳು ಮೇಲ್ಮುಖವಾಗಿ ನಿಲ್ಲುತ್ತೆ. ಆಗ ತಿರುವಿನಲ್ಲಿ ಹೊರಗಿನ ಚಕ್ರ ನೆಟ್ಟಗೆ ನಿಂತು ನೆಲ ಹಿಡಿಯೋ ಬದಲು ಹೊರಕ್ಕೆ ವಾಲುತ್ತೆ. ಭಾರದ ಕೇಂದ್ರ ಇಳಿದದ್ದಕ್ಕಿಂತ ಹೆಚ್ಚಾಗಿ ಕಾರು ವಾಲೋ ಕೇಂದ್ರ ಇಳಿದುಬಿಡುತ್ತೆ. ಕಾರು ವಾಲೋ ಒಲವು ಜಾಸ್ತಿಯಾಗುತ್ತೆ. ದುಡ್ಡು ಕೊಟ್ಟು ಕಾರು ಕೆಡಿಸಿಕೊಂಡ ಹಾಗೆ. ಸ್ಪ್ರಿಂಗು ಕತ್ತರಿಸಿದ್ದರಂತೂ ಇನ್ನೂ ಚೆಂದ: ಸುತ್ತು ಕಡಿಮೆಯಾದಷ್ಟು ಸ್ಪ್ರಿಂಗು ಗಟ್ಟಿ, ಹಳೇ ಶಾಕ್ ಅಬ್ಸಾರ್ಬರಿಗೆ ಅದನ್ನು ಹಿಡಿಯೋ ತಾಕತ್ತಿಲ್ಲ, ಚಕ್ರ ಪೂರ್ತಿ ಕೆಳಗೆ ಇಳಿದಾಗ ಸ್ಪ್ರಿಂಗು ತನ್ನ ಜಾಗದಲ್ಲಿ ಸಡಿಲವಾಗಿ ಅಲ್ಲಾಡುತ್ತೆ. ಹಂಪು ಕಂಡರೆ ಎದೆ ಡವಗುಟ್ಟುತ್ತೆ.

ಕಾನೂನಿನ ಮಾತೂ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಿಸಿದ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ನಾಳೆ ಅಪಘಾತವಾಗಿ ವಿಮೆಯವರು ಬಂದು ಕೆಳಗೆ ಬಗ್ಗಿ ನೋಡಿದಾಗ, ನಿಮ್ಮ ಸ್ಟೈಲು ಅವರಿಗೆ ಕ್ಲೇಮು ತಿರಸ್ಕರಿಸೋಕೆ ಕಾರಣ ಆಗಬಹುದು.

ಭಾರ ಸರಿಯೋ ವಿದ್ಯೆಯನ್ನು ನಾನು ಕಲಿತದ್ದು ಇಂಗ್ಲಿಷ್ ಪುಸ್ತಕದಿಂದಲ್ಲ, ನಮ್ಮ ದೊಡ್ಡಪ್ಪನಿಂದ. ಆಲೆಮನೆಗೆ ಕಬ್ಬು ಹೊಡೆಯೋವಾಗ ಗಾಡಿಗೆ ಕಬ್ಬು ಹೇರೋದನ್ನ ಬೇರೆ ಯಾರಿಗೂ ಬಿಡ್ತಿರಲಿಲ್ಲ. ಮುಂದೆ ಭಾರ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತೆ. ಹಿಂದೆ ಹೆಚ್ಚಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತೆ. ಇಳಿಜಾರು ಬಂದರೆ ಭಾರ ತಾನಾಗೇ ಮುಂದಕ್ಕೆ ಬರುತ್ತೆ ಅಂತ ದೊಡ್ಡಪ್ಪ ಹಿಂದಕ್ಕೆ ಸರಿದು ಕೂರ್ತಿದ್ದರು. ‘‘ಗಾಡಿ ಮಗುಚೋದು ಎತ್ತಿಂದಲ್ಲ ಕನ್ಲಾ, ಭಾರ ಎಲ್ಲದೆ ಅಂತ ಗೊತ್ತಿಲ್ದೋನಿಂದ’’ ಅನ್ನೋರು. ಬ್ರೇಕ್ ಒತ್ತಿದರೆ ಭಾರ ಮುಂದಿನ ಟೈರಿಗೆ, ಗ್ಯಾಸ್ ಕೊಟ್ಟರೆ ಹಿಂದಿನ ಟೈರಿಗೆ, ಎಡಕ್ಕೆ ತಿರುಗಿಸಿದರೆ ಬಲಗಡೆಗೆ. ಆಟೋಕ್ರಾಸ್ ಡ್ರೈವಿಂಗಿನ ಮುಕ್ಕಾಲು ಪಾಲು ಇಷ್ಟೇ. ಇದನ್ನು ಅಂಡಿನಲ್ಲಿ ಅನುಭವಿಸಿ ತಿಳಿಬೇಕು. ಅದು ತಿಳಿಯೋಕೆ ಮೆತ್ತಗಿರೋ ಕಂಪನಿ ಸಸ್ಪೆನ್ಷನ್ನೇ ಒಳ್ಳೆ ಮೇಷ್ಟ್ರು. ಅದು ವಾಲುತ್ತೆ, ತೂಗುತ್ತೆ, ಬರ್ತಿದೀನಿ ನೋಡು ಅಂತ ಮುಂಚೆಯೇ ಹೇಳುತ್ತೆ. ಗಟ್ಟಿ ಸಸ್ಪೆನ್ಷನ್ ಕೊನೆವರೆಗೂ ಸುಮ್ಮನಿದ್ದು ಒಂದೇ ಸಲ ಕೈ ಕೊಡುತ್ತೆ.

ಕೊಡಗಿನ ಗದ್ದೆಯೊಂದರಲ್ಲಿ ನಾನು ಕಣ್ಣಾರೆ ಕಂಡದ್ದು ಹೇಳ್ತೀನಿ. ಬೆಂಗಳೂರಿಂದ ಬಂದಿದ್ದ ಒಬ್ಬನ ಕಾರಿನ ಕೆಳಗೆ ನನ್ನ ಎರಡು ತಿಂಗಳ ಸಂಬಳ ಇತ್ತು. ಮಳವಳ್ಳಿ ಕಡೆಯ ಹುಡುಗನೊಬ್ಬ ಅಪ್ಪನ ಹಳೇ ಮಾರುತಿ 800 ತಂದಿದ್ದ. ಶಾಕ್ ಅಬ್ಸಾರ್ಬರ್ ಮಾತ್ರ ಹೊಸದು, ಉಳಿದದ್ದೆಲ್ಲ ಕಂಪನಿಯದ್ದೇ. ಬೆಂಗಳೂರಿನವನು ಮೊದಲ ತಿರುವಿಗೆ ಗುಡುಗಿಕೊಂಡು ಹೋದ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದ, ಕಾರು ನೆಟ್ಟಗೆ ಹೋಗಿ ಕೋನುಗಳನ್ನು ಗುಡಿಸಿಕೊಂಡು ನಿಂತಿತು. ಮಳವಳ್ಳಿಯವನು ನೋಡೋಕೆ ನಿಧಾನ. ಸದ್ದಿಲ್ಲ, ಧೂಳಿನ ಮೋಡ ಇಲ್ಲ. ಆರು ಸೆಕೆಂಡು ಮುಂಚೆ ಬಂದ. ಆಟೋಕ್ರಾಸಿನಲ್ಲಿ ಆರು ಸೆಕೆಂಡು ಅಂದರೆ ಒಂದು ಯುಗ. ಅವನ ಗುಟ್ಟು ಏನಂದರೆ, ಓಟಕ್ಕೆ ಮುಂಚೆ ಆ ದಾರಿಯನ್ನು ನಾಲ್ಕು ಸಲ ನಡೆದು ನೋಡಿದ್ದ. ಬೆಂಗಳೂರಿನವನು ಆ ಹೊತ್ತಿನಲ್ಲಿ ಕಾರಿನ ಫೋಟೋ ತೆಗೆಸಿಕೊಳ್ತಿದ್ದ.

ಸರಿ, ಹಾಗಾದ್ರೆ ಕಾರಿಗೆ ಏನೂ ಮಾಡೋದೇ ಬೇಡ್ವಾ? ಮಾಡಿ. ಆದರೆ ಕ್ರಮವಾಗಿ.

ಮೊದಲು ಟೈರು ಮತ್ತು ಗಾಳಿ. ಕಾರು ನೆಲ ಮುಟ್ಟೋದು ನಾಲ್ಕು ಅಂಗೈಯಷ್ಟು ಜಾಗದಲ್ಲಿ. ಲಕ್ಷ ರೂಪಾಯಿಯ ಸಸ್ಪೆನ್ಷನ್ನೂ ಆ ನಾಲ್ಕು ಅಂಗೈಯ ಆಳು. ಡಾಂಬರಿನ ಮೇಲಾದರೆ ಟೈರಿನ ಭುಜಕ್ಕೆ ಸೀಮೆಸುಣ್ಣ ಹಚ್ಚಿ ಒಂದು ಓಟ ಮುಗಿಸಿ ಬನ್ನಿ. ಸುಣ್ಣ ಪಕ್ಕದ ಗೋಡೆವರೆಗೂ ಅಳಿಸಿದ್ದರೆ ಟೈರು ಮಡಚಿಕೊಳ್ತಿದೆ, ಗಾಳಿ ಹೆಚ್ಚಿಸಿ. ಭುಜದ ಅಂಚಿಗೂ ತಾಗಿಲ್ಲ ಅಂದರೆ ಜಾಸ್ತಿಯಾಗಿದೆ, ಇಳಿಸಿ. ಒಂದು ಸಲಕ್ಕೆ ಎರಡು ಪಿಎಸ್‌ಐ, ಅದಕ್ಕಿಂತ ಹೆಚ್ಚು ಬೇಡ. ಮಣ್ಣಿನಲ್ಲಿ ಗಾಳಿ ಸ್ವಲ್ಪ ಕಡಿಮೆ ಇದ್ದರೆ ಹಿಡಿತ ಸಿಗಬಹುದು, ಆದರೆ ತೀರಾ ಇಳಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತೆ. ಓಟ ಮುಗಿದ ಮೇಲೆ ಕಂಪನಿ ಹೇಳಿದಷ್ಟು ಗಾಳಿ ಮತ್ತೆ ಹಿಡಿಸಿಕೊಂಡೇ ಮನೆಗೆ ಹೊರಡಬೇಕು. ಇದರ ಖರ್ಚು ಒಂದು ಪ್ರೆಷರ್ ಗೇಜು.

ಎರಡನೇದು, ಇರೋದನ್ನ ಸರಿ ಮಾಡಿಸಿ. ಸೋರ್ತಿರೋ ಶಾಕ್ ಅಬ್ಸಾರ್ಬರ್, ಹರಿದ ಬುಷ್ಷು, ಆಡ್ತಿರೋ ಬಾಲ್ ಜಾಯಿಂಟು. ಕಾರನ್ನು ಹೊತ್ತು ನಿಲ್ಲಿಸೋದು ಸ್ಪ್ರಿಂಗು, ಆ ಸ್ಪ್ರಿಂಗಿನ ಕುಣಿತಕ್ಕೆ ಕಡಿವಾಣ ಹಾಕೋದು ಶಾಕ್ ಅಬ್ಸಾರ್ಬರ್. ಕಡಿವಾಣ ಹರಿದ ಕುದುರೆಗೆ ಹೊಸ ಲಾಳ ಹೊಡೆಸಿ ಏನು ಉಪಯೋಗ? ಐದು ವರ್ಷದ ಕಾರಿಗೆ ಹೊಸ ಕಂಪನಿ ಶಾಕ್ ಹಾಕಿಸಿದರೆ ಅದು ಬೇರೆಯದೇ ಕಾರು ಅನ್ನಿಸುತ್ತೆ.

ಮೂರನೇದು ಅಲೈನ್‌ಮೆಂಟ್. ಮುಂದಿನ ಚಕ್ರಗಳು ಕೂದಲೆಳೆಯಷ್ಟು ಹೊರಮುಖವಾಗಿದ್ದರೆ ಕಾರು ಚುರುಕಾಗಿ ತಿರುಗುತ್ತೆ, ಇದು ನಿಜ. ಆದರೆ ಅದೇ ಕಾರು ಹೆದ್ದಾರಿಯಲ್ಲಿ ನೆಟ್ಟಗೆ ಹೋಗದೆ ಅಲೆಯುತ್ತೆ, ಟೈರು ಬೇಗ ಸವೆಯುತ್ತೆ. ಸೋಮವಾರ ಬೆಳಗ್ಗೆ ಇದೇ ಕಾರಿನಲ್ಲಿ ಆಫೀಸಿಗೆ ಹೋಗಬೇಕಾದವರು ಕಂಪನಿ ಕೊಟ್ಟ ಅಳತೆಯಲ್ಲೇ ಇರಿ. ನಾಲ್ಕನೇದಾಗಿ, ಒಂದೆರಡು ಸೀಸನ್ ಓಡಿಸಿ, ಮುಂದಿನ ಟೈರು ಜಾರ್ತಿದೆಯಾ ಹಿಂದಿನದಾ ಅಂತ ನಿಮಗೇ ಹೇಳೋಕೆ ಬಂದ ಮೇಲೆ, ಟ್ರೇಲರಿನಲ್ಲಿ ತಂದು ಬಯಲಿನಲ್ಲಿ ಮಾತ್ರ ಓಡಿಸೋ ಬೇರೆ ಕಾರು ಇದ್ದರೆ ಸ್ಪ್ರಿಂಗಿನ ಮಾತಾಡೋಣ. ಫ್ರಂಟ್ ವೀಲ್ ಡ್ರೈವ್ ಕಾರಿನ ಹಿಂಭಾಗ ಗಟ್ಟಿ ಮಾಡಿದರೆ ಅದು ಬಯಲಿನಲ್ಲಿ ಚೆನ್ನಾಗಿ ತಿರುಗುತ್ತೆ. ಅದೇ ಕಾರು ಮಳೆ ಬಿದ್ದ ಹೆದ್ದಾರಿಯಲ್ಲಿ, ತಿರುವಿನ ಮಧ್ಯೆ ಹೆದರಿ ಕಾಲೆತ್ತಿದ ಕೂಡಲೆ ಹಿಂದುಮುಂದಾಗುತ್ತೆ. ಬಯಲಿನ ಗುಣ ರಸ್ತೆಯಲ್ಲಿ ರೋಗ.

ಇನ್ನು ಓಡಿಸೋ ಕಲೆ. ಇದಕ್ಕೆ ದುಡ್ಡು ಬೇಡ, ಅದಕ್ಕೇ ಯಾರೂ ಮಾರಲ್ಲ, ಅದಕ್ಕೇ ಯಾರೂ ಕಲಿಯಲ್ಲ.

ಕಣ್ಣಿನಿಂದ ಶುರು. ಎದುರಿನ ಕೋನು ನೋಡಬೇಡಿ, ಅದರಾಚೆಯದ್ದು ನೋಡಿ. ಕಣ್ಣು ಎಲ್ಲೋ ಕಾರು ಅಲ್ಲಿ. ಕಂಬ ನೋಡ್ತಾ ಹೋದೋನು ಕಂಬಕ್ಕೇ ಹೊಡಿತಾನೆ, ಸೈಕಲ್ ಕಲಿಯೋವಾಗ ನಮಗೆಲ್ಲ ಗೊತ್ತಾಗಿದೆ. ಆಮೇಲೆ ಬ್ರೇಕು. ಕಾರು ನೆಟ್ಟಗಿರೋವಾಗಲೇ ಜೋರಾಗಿ ಒತ್ತಿ. ತಿರುವು ಶುರುವಾದ ಹಾಗೆ ನಿಧಾನಕ್ಕೆ ಬಿಡಿ, ಒಂದೇ ಸಲ ಕಾಲು ಕಿತ್ತುಕೊಳ್ಳಬೇಡಿ. ಆ ಉಳಿದ ಸ್ವಲ್ಪ ಒತ್ತಡ ಭಾರವನ್ನು ಮುಂದಿನ ಟೈರಿನ ಮೇಲೆ ಹಿಡಿದಿಡುತ್ತೆ, ಟೈರು ನೆಲ ಕಚ್ಚುತ್ತೆ, ಕಾರು ತಿರುಗುತ್ತೆ. ಟೈರಿನ ಹತ್ತಿರ ಇರೋದು ಒಂದೇ ಜೇಬು. ಬ್ರೇಕಿಗೆ ಪೂರ್ತಿ ಖರ್ಚು ಮಾಡಿದರೆ ತಿರುಗೋಕೆ ಕಾಸು ಇರಲ್ಲ. ಮುಂದಿನ ಟೈರು ಜಾರಿದಾಗ ಸ್ಟಿಯರಿಂಗನ್ನು ಇನ್ನೂ ತಿರುಗಿಸೋದು ದಿವಾಳಿಯಾದವನು ಮತ್ತೊಂದು ಕ್ರೆಡಿಟ್ ಕಾರ್ಡು ತೆಗೆದ ಹಾಗೆ. ಆಗ ತಿರುಗಿಸಿದ್ದನ್ನ ವಸಿ ಬಿಚ್ಚಿ, ವೇಗ ಇಳಿಯೋಕೆ ಬಿಡಿ, ಹಿಡಿತ ತಾನಾಗೇ ವಾಪಸ್ ಬರುತ್ತೆ.

ತಿರುವಿಗೆ ನಿಧಾನವಾಗಿ ಹೋಗಿ, ಬೇಗ ಹೊರಗೆ ಬನ್ನಿ. ಒಳಗಿನ ಕೋನನ್ನು ತಿರುವಿನ ಆರಂಭದಲ್ಲೇ ಸವರಿಕೊಂಡು ಹೋದರೆ ಕೊನೆಯಲ್ಲಿ ದಾರಿ ಸಾಲದೆ ಹೊರಗೆ ಹೋಗ್ತೀರಿ. ಸ್ವಲ್ಪ ತಡವಾಗಿ ಸವರಿದರೆ ಹೊರಗೆ ಬರೋ ಹೊತ್ತಿಗೆ ಕಾರು ನೆಟ್ಟಗಾಗಿರುತ್ತೆ, ಗ್ಯಾಸ್ ಕೊಡಬಹುದು. ಸಾಲು ಕೋನುಗಳ ನಡುವೆ ಹಾವಿನ ಹಾಗೆ ಹೋಗೋವಾಗ ಒಂದು ಕೋನು ದಾಟುವ ಮುಂಚೆಯೇ ಮುಂದಿನದಕ್ಕೆ ಕೈ ತಿರುಗಿರಬೇಕು. ಮಣ್ಣಿನಲ್ಲಿ ಹಿಂಭಾಗ ಜಾರೋದು ಸಹಜ. ಅದನ್ನು ಗ್ಯಾಸಿನಿಂದ, ಬೇಕಾದರೆ ಹ್ಯಾಂಡ್‌ಬ್ರೇಕಿನಿಂದ ಮಾತಾಡಿಸಬಹುದು. ಆದರೆ ಪ್ರೇಕ್ಷಕರು ಸಿಳ್ಳೆ ಹೊಡೆದ ಓಟ ಸಾಮಾನ್ಯವಾಗಿ ಗಡಿಯಾರ ಸಿಳ್ಳೆ ಹೊಡೆಯೋ ಓಟ ಆಗಿರಲ್ಲ.

ಈ ಕಲೆಯೇ ರಸ್ತೆಯಲ್ಲಿ ಜೀವ ಉಳಿಸೋದು. ಎಮ್ಮೆ ಅಡ್ಡ ಬಂದಾಗ ಸ್ಟಿಯರಿಂಗ್ ಎಳೆದು ಮಗುಚಿಕೊಳ್ಳದೆ, ಒತ್ತಿ, ಬಿಟ್ಟು, ತಿರುಗಿಸಿ, ಮತ್ತೆ ನೆಟ್ಟಗೆ ಮಾಡೋದು ಕೈಗೆ ಅಭ್ಯಾಸ ಆಗಿರಬೇಕು. ಲೈಸೆನ್ಸ್ ಟೆಸ್ಟಿನಲ್ಲಿ ಎಂಟು ಹಾಕಿದವರಿಗೆ ಅದು ಬರಲ್ಲ. ಬಯಲಿನಲ್ಲಿ ಅರವತ್ತು ಕಿಲೋಮೀಟರಿನಲ್ಲಿ ನೂರು ಸಲ ಜಾರಿ, ಎದ್ದು, ಕಲಿತವರಿಗೆ ಬರುತ್ತೆ. 140ರಲ್ಲಿ ಹೋಗೋ ಕಾರಿನ ಹೊಡೆತದಲ್ಲಿ 60ರ ಕಾರಿಗಿಂತ ಐದು ಪಟ್ಟಿಗೂ ಹೆಚ್ಚು ಶಕ್ತಿ ಇರುತ್ತೆ. ಅಲ್ಲಿ ಮೊದಲ ಪಾಠವೇ ಕೊನೆಯ ಪಾಠ.

ಆಕ್ಷೇಪಗಳು ನನಗೆ ಗೊತ್ತು. ‘ಇದು ದುಡ್ಡಿರೋರ ಆಟ’ ಅಂತಾರೆ. ಸ್ವಾಮಿ, ಸ್ಪ್ರಿಂಗು, ಎಕ್ಸಾಸ್ಟು, ಸ್ಟಿಕ್ಕರು ಅಂತ ಸುರಿಯೋ ದುಡ್ಡಿನಲ್ಲಿ ಎಷ್ಟೋ ಸಲ ಎಂಟ್ರಿ ಫೀ ಕಟ್ಟಬಹುದು. ‘ಇದು ವೇಗದ ಚಟ ಹತ್ತಿಸುತ್ತೆ’ ಅಂತಾರೆ. ಚಟ ಆಗಲೇ ಹತ್ತಿದೆ, ಅದಕ್ಕೊಂದು ಮರ್ಯಾದಸ್ಥ ಜಾಗ ತೋರಿಸಿ ಅಂತ ನಾನು ಹೇಳ್ತಿರೋದು. ‘ರಸ್ತೆ ಡಿಸೈನೇ ಸರಿ ಇಲ್ಲ, ನಮ್ಮನ್ಯಾಕೆ ಬೈತೀರಿ’ ಅಂತಾರೆ. ರಸ್ತೆ ಸರಿ ಇಲ್ಲ ಅಂತ ಗೊತ್ತಿದ್ದೂ 140 ಹೊಡೆಯೋನನ್ನ ಬೈಯದೆ ಇನ್ನೇನು ಮಾಡಲಿ?

‘ಜಾಗ ಎಲ್ಲಿದೆ’ ಅನ್ನೋದು ಮಾತ್ರ ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಮಂಡ್ಯದಲ್ಲಿ ಎತ್ತಿನಗಾಡಿ ಓಟ ಅಂದರೆ ಊರಿಗೆ ಊರೇ ಸೇರುತ್ತೆ. ಜಮೀನು ಹದ ಮಾಡ್ತಾರೆ, ಹಗ್ಗ ಕಟ್ತಾರೆ, ಬಹುಮಾನ ಇಡ್ತಾರೆ, ಊಟ ಹಾಕ್ತಾರೆ. ಆ ಓಟಕ್ಕೆ ಕಾನೂನಿನ ಅಡ್ಡಿ ಬಂದಾಗ ರಾಜ್ಯ 2017ರಲ್ಲಿ ಕಂಬಳದ ಜೊತೆಗೆ ಗಾಡಿ ಓಟಕ್ಕೂ ತಿದ್ದುಪಡಿ ತಂದಿತು, 2023ರ ಮೇ 18ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಎತ್ತಿಗೆ ಸಿಕ್ಕ ಬಯಲು ಕಾರಿಗೆ ಸಿಗಬಾರದು ಅಂತ ಎಲ್ಲೂ ಬರೆದಿಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಕಲಮು ಶಿಕ್ಷೆ ಹೇಳೋದು ಸರ್ಕಾರದ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಪಂದ್ಯ ಕಟ್ಟೋರಿಗೆ. ಬಯಲಲ್ಲಿ ಆಡೋರಿಗೆ ದಾರಿ ಇದೆ: ಎಫ್‌ಎಂಎಸ್‌ಸಿಐ ಅನ್ನೋ ರಾಷ್ಟ್ರೀಯ ಒಕ್ಕೂಟ ಇದೆ, ಅದರ ಲೈಸೆನ್ಸ್ ಇದೆ, ನಿಯಮ ಇದೆ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ವಿಭಾಗವೂ ಇರುತ್ತೆ.

ಕೊಯ್ಲಾದ ಮೇಲೆ ಖಾಲಿ ಬಿದ್ದ ನಾಲ್ಕೈದು ಎಕರೆ. ರೈತನಿಗೆ ಎರಡು ದಿನದ ಬಾಡಿಗೆ, ಓಟ ಮುಗಿದ ಮೇಲೆ ಉಳುಮೆ ಮಾಡಿ ನೆಲ ಮೊದಲಿನ ಹಾಗೆ ಬಿಟ್ಟುಕೊಡೋ ಕರಾರು. ಧೂಳು ಏಳದಂತೆ ಎರಡು ಟ್ಯಾಂಕರ್ ನೀರು. ಒಂದು ಆಂಬುಲೆನ್ಸ್, ಪೊಲೀಸರ ಅನುಮತಿ, ವಿಮೆ. ಊರಿನವರ ಹೋಟೆಲು, ಎಳನೀರು ಅಂಗಡಿ. ಇಷ್ಟು ಮಾಡೋಕೆ ಜಿಲ್ಲಾಡಳಿತ, ಕ್ಲಬ್ಬು, ರೈತರು ಒಂದೇ ಮೇಜಿನಲ್ಲಿ ಕೂತರೆ ಸಾಕು. ಕ್ಯಾಮೆರಾ ಹಾಕಿ, ದಂಡ ಹಾಕಿ, ಕೇಸೂ ಹಾಕಿ, ನಾನು ಅದರ ಪರವೇ. ಆದರೆ ‘ಇಲ್ಲಿ ಬೇಡ’ ಅನ್ನೋ ಸರ್ಕಾರ ‘ಅಲ್ಲಿಗೆ ಹೋಗು’ ಅಂತ ಒಂದು ಬೆರಳನ್ನಾದರೂ ತೋರಿಸಬೇಕಲ್ವಾ?

ಅಲ್ಲಿವರೆಗೆ, ತಮ್ಮ, ಕಾರು ತಗೊಂಡಿದೀಯ, ಸಂತೋಷ. ಗಾಳಿ ಚೆಕ್ ಮಾಡಿಸು, ಹೆಲ್ಮೆಟ್ ಕೊಳ್ಳು, ಹತ್ತಿರದಲ್ಲಿ ಎಲ್ಲಿ ಆಟೋಕ್ರಾಸ್ ಇದೆ ಹುಡುಕು, ಹೋಗಿ ಹೆಸರು ಕೊಡು. ಮೊದಲ ಸಲ ಕೊನೇ ಸ್ಥಾನ ಬರುತ್ತೆ, ಬರಲಿ ಬುಡು. ಹಳೇ ಮಾರುತಿಯವನು ನಿನ್ನ ಸೋಲಿಸ್ತಾನೆ, ಅವನ ಹತ್ತಿರ ಹೋಗಿ ಹೇಗೆ ಅಂತ ಕೇಳು. ಸಂಜೆ ಮನೆಗೆ ಹೊರಟಾಗ ಹೆದ್ದಾರಿಯಲ್ಲಿ 140 ಹೊಡೆಯೋ ಆಸೆಯೇ ಬರಲ್ಲ, ಯಾಕಂದರೆ ಅದು ಎಷ್ಟು ಸುಲಭದ ಕೆಲಸ ಅಂತ ಅಷ್ಟೊತ್ತಿಗೆ ಗೊತ್ತಾಗಿರುತ್ತೆ.